ಮೊಮ್ಮಕ್ಕಳ ಜೊತೆ ಮನೆ ಬ್ರೆಡ್: ಉಪ್ಪಿನ ಚಮಚ ನಿಮ್ಮ ಕೈಯಲ್ಲಿರಲಿ

ಈ ವಾರ ಮಾತ್ರೆಯ ಮಾತು ಕಡಿಮೆ, ಬ್ರೆಡ್ಡಿನ ಮಾತು ಹೆಚ್ಚು.

ಪುಣೆಯಲ್ಲಿ ನನ್ನ ಬಳಿ ತೋರಿಸಿಕೊಳ್ಳಲು ಬರುವ ಒಬ್ಬ ಅಜ್ಜಿ ಇದ್ದಾರೆ, ಧಾರವಾಡದ ಕಡೆಯವರು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮೊಮ್ಮಗನನ್ನು ನೋಡಿಕೊಳ್ಳುವುದು ಇವರೇ. ಎರಡು ಬಿ.ಪಿ. ಮಾತ್ರೆ ತಪ್ಪದೆ ತೆಗೆದುಕೊಂಡರೂ ಮೇಲಿನ ಅಂಕಿ 150ರಿಂದ ಇಳಿಯುತ್ತಿರಲಿಲ್ಲ. "ಉಪ್ಪಿನಕಾಯಿ ಬಿಟ್ಟೇನ್ರಿ, ಹಪ್ಪಳ ಬಿಟ್ಟೇನ್ರಿ, ಇನ್ನೇನ್ ಬಿಡಬೇಕ್ರೀ ಡಾಕ್ಟರ್?" ಎಂದರು. ದಿನದ ಊಟ ತಿಂಡಿಯನ್ನೆಲ್ಲ ಕೇಳಿದೆ. ಬೆಳಿಗ್ಗೆ ಮೊಮ್ಮಗನ ಜೊತೆ ಎರಡು ಸ್ಲೈಸ್ ಬ್ರೆಡ್, ಸಂಜೆ ಚಹಾಕ್ಕೆ ಮತ್ತೆರಡು. ಊರಲ್ಲಿದ್ದಾಗ ಅದೇ ಹೊತ್ತಿಗೆ ಜೋಳದ ರೊಟ್ಟಿ. ಅವರ ಮನೆಯಲ್ಲಿ ಆ ರೊಟ್ಟಿಯ ಹಿಟ್ಟಿಗೆ ಉಪ್ಪೇ ಹಾಕುತ್ತಿರಲಿಲ್ಲ.

ನಾಲಿಗೆಗೆ ಬ್ರೆಡ್ ಉಪ್ಪುಪ್ಪಾಗಿ ಗೊತ್ತಾಗುವುದಿಲ್ಲ, ಅದೇ ತೊಂದರೆ. ನಿಮ್ಮ ಮನೆಯ ಪ್ಯಾಕೆಟ್ ತಿರುಗಿಸಿ 'ಸೋಡಿಯಂ' ಎಂಬ ಸಾಲು ಹುಡುಕಿ. 100 ಗ್ರಾಂಗೆ 450 ಮಿಲಿಗ್ರಾಂ ಎಂದಿದೆ ಅಂದುಕೊಳ್ಳಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: ಒಂದು ಗ್ರಾಂಗಿಂತ ಹೆಚ್ಚು. ನಾಲ್ಕು ಸ್ಲೈಸ್ ಅಂದರೆ ಸುಮಾರು 100 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂಗಿಂತ ಕಡಿಮೆ ಉಪ್ಪು. ಸಾರು, ಪಲ್ಯ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಬ್ರೌನ್ ಬ್ರೆಡ್ ತಿನ್ನುತ್ತೇವೆ ಎಂದು ನೆಮ್ಮದಿಯಾಗಿರಬೇಡಿ. ಬಣ್ಣ ಕ್ಯಾರಮೆಲ್‌ನದ್ದೂ ಇರಬಹುದು, ಉಪ್ಪಂತೂ ಇದ್ದೇ ಇರುತ್ತದೆ.

ಹಾಗಂತ ಮಗುವಿನ ಜೊತೆ ಕೂತು ತಿನ್ನುವುದನ್ನು ಬಿಡಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಭಾನುವಾರ ಇಬ್ಬರೂ ಸೇರಿ ಮನೆಯಲ್ಲೇ ಮಾಡಿ ಎಂದೆ.

ಮೊದಲ ಸಲಕ್ಕೆ 200 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಮೈದಾ ಇರಲಿ. ಬರೀ ಗೋಧಿ ಹಿಟ್ಟಿನದು ಗಟ್ಟಿಯಾಗುತ್ತದೆ, ಮಗು ಮತ್ತೆ ಕೇಳುವುದಿಲ್ಲ. ಒಂದು ಚಮಚ ಇನ್‌ಸ್ಟಂಟ್ ಒಣ ಯೀಸ್ಟ್, ಒಂದು ಚಮಚ ಸಕ್ಕರೆ, ಎರಡು ಚಮಚ ಎಣ್ಣೆ, 200 ಮಿಲಿಲೀಟರ್ ಉಗುರುಬೆಚ್ಚಗಿನ ನೀರು. ಹಿಟ್ಟು ಇನ್ನೂ ನೀರು ಬೇಡಿದರೆ ಸ್ವಲ್ಪ ಸೇರಿಸಿ. ಉಪ್ಪು ಅರ್ಧ ಚಮಚ, ಅಂದರೆ ಸುಮಾರು 3 ಗ್ರಾಂ, ತಲೆತಟ್ಟಿ ಅಳೆದು. ಇದನ್ನು ಮೊಮ್ಮಗನ ಕೈಯಲ್ಲೇ ಅಳೆಯಿಸಿ. ಈ ಬ್ರೆಡ್ಡಿನಲ್ಲಿ 100 ಗ್ರಾಂಗೆ ಸೋಡಿಯಂ 260 ಮಿಲಿಗ್ರಾಂ ಆಸುಪಾಸು ಬರುತ್ತದೆ.

ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಇತ್ತೀಚೆಗೆ ಬೈಪಾಸ್ ಆದವರು ನಾದಲು ಹೋಗಬೇಡಿ. ಎದೆಯ ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕುರ್ಚಿಯಲ್ಲಿ ಕೂತು ಹೇಳಿಕೊಡಿ, ಮಗು ನಾದಲಿ. ಹಸಿ ಹಿಟ್ಟನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಲು ಬಿಡಬೇಡಿ, ಅದರಲ್ಲಿ ರೋಗಾಣು ಇರಬಹುದು.

ಮುಚ್ಚಿಟ್ಟು ಎರಡರಷ್ಟು ಉಬ್ಬಲು ಬಿಡಿ. ಇಡ್ಲಿ ಹಿಟ್ಟಿನ ಹಾಗೆಯೇ ಇದೂ: ಚೆನ್ನೈನ ಸೆಕೆಗೆ ಮುಕ್ಕಾಲು ಗಂಟೆ ಸಾಕಾಗಬಹುದು, ದೆಹಲಿಯ ಚಳಿಗೆ ಎರಡು ಗಂಟೆಯೂ ಸಾಲದು. ಉಪ್ಪು ಕಡಿಮೆ ಇದ್ದಾಗ ಯೀಸ್ಟ್ ಬೇಗ ಕೆಲಸ ಮಾಡುತ್ತದೆ, ಆದ್ದರಿಂದ ಗಡಿಯಾರ ಬಿಟ್ಟು ಹಿಟ್ಟನ್ನು ನೋಡಿ. ಆ ಅಜ್ಜಿಯ ಮೊಮ್ಮಗ ಮರಾಠಿ, ಹಿಂದಿ ಬಿಟ್ಟರೆ ಮಾತಾಡುತ್ತಿರಲಿಲ್ಲವಂತೆ. ಹಿಟ್ಟು ಕಾಯುವ ಹೊತ್ತಿನಲ್ಲಿ 'ನಾದು', 'ಉಬ್ಬಿತು', 'ಚಿಟಿಕೆ' ಕಲಿತಿದ್ದಾನೆ.

ಉಬ್ಬಿದ ಹಿಟ್ಟನ್ನು ಒತ್ತಿ, ಸುತ್ತಿ, ಎಣ್ಣೆ ಸವರಿದ ಟಿನ್ನಿನಲ್ಲಿಟ್ಟು ಮತ್ತೆ ಅರ್ಧ ಗಂಟೆ ಬಿಡಿ. ಓವನ್ನಿನಲ್ಲಿ 200 ಡಿಗ್ರಿಗೆ 30ರಿಂದ 35 ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಕಡಾಯಿಯಲ್ಲಿ ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಮೇಲ್ಭಾಗ ಕೆಂಪಗಾಗುವುದಿಲ್ಲ, ಅಷ್ಟೇ. ಒಲೆಯ ಕೆಲಸ ದೊಡ್ಡವರದು. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ಎರಡು ಎಚ್ಚರಿಕೆ. ಯೀಸ್ಟ್ ಬದಲು ಅಡುಗೆ ಸೋಡಾ ಹಾಕಿದರೆ ಲಾಭವೆಲ್ಲ ಹೋಯಿತು: ಒಂದು ಚಮಚ ಸೋಡಾದಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇದೆ. ಇನ್ನೊಂದು, ಅಂಗಡಿಯ 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬೇಡಿ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಸಕ್ಕರೆ ಕಾಯಿಲೆಯವರಿಗೆ ಮನೆ ಬ್ರೆಡ್ಡೂ ಬ್ರೆಡ್ಡೇ, ಎರಡು ಸ್ಲೈಸ್ ಸಾಕು.

ಅಜ್ಜಿಯ ಬಿ.ಪಿ. ಈಗ 130ರ ಹತ್ತಿರ ಇದೆ. ಬ್ರೆಡ್ ಒಂದರಿಂದಲೇ ಇಳಿಯಿತು ಎನ್ನಲಾರೆ, ನಾನು ಒಂದು ಮಾತ್ರೆಯನ್ನೂ ಬದಲಿಸಿದ್ದೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಮನೆ ಬ್ರೆಡ್ಡಿಗೆ ಬೂಸು ಬೇಗ ಹಿಡಿಯುತ್ತದೆ, ಮುಂಬಯಿ ಮಳೆಗಾಲದಲ್ಲಿ ಮರುದಿನಕ್ಕೇ. ಪೂರ್ತಿ ಆರಿದ ಮೇಲೆ ಕತ್ತರಿಸಿ, ಉಳಿದದ್ದನ್ನು ಫ್ರೀಜರ್‌ನಲ್ಲಿಡಿ. ಬೇಕಾದಾಗ ಎರಡು ಸ್ಲೈಸ್ ತೆಗೆದು ತವದ ಮೇಲೆ ಬಿಸಿ ಮಾಡಿಕೊಳ್ಳಿ.