ಕತ್ತರಿಗಿಂತ ಮೊದಲು ಬೈತಲೆ ಬದಲಿಸಿ

ಪ್ರಶ್ನೆ: ನನಗೆ 47 ವರ್ಷ. ಮದುವೆಯಾದಾಗಿನಿಂದಲೂ ಎಣ್ಣೆ ಹಚ್ಚಿ, ನಡು ಬೈತಲೆ ತೆಗೆದು, ಬಿಗಿಯಾಗಿ ತುರುಬು ಕಟ್ಟುತ್ತೇನೆ. ಬೆಂಗಳೂರಿನಲ್ಲಿ ಓದುವ ಮಗಳು ‘ಅವ್ವಾ, ಈ ತುರುಬಿನಾಗ ಅಜ್ಜಿಗಿಂತ ದೊಡ್ಡಾಕಿ ಕಾಣ್ತಿ’ ಅಂತಾಳೆ. ಅತ್ತೆಯವರು ‘ಹೆಣ್ಣಮಕ್ಕಳು ಕೂದಲಿಗೆ ಕತ್ರಿ ಹಚ್ಚಬಾರದು’ ಎನ್ನುತ್ತಾರೆ. ಇತ್ತೀಚೆಗೆ ಹಣೆಯ ಎರಡೂ ಬದಿ ಕೂದಲು ತೆಳ್ಳಗಾಗಿದೆ. ಮುಂದಿನ ತಿಂಗಳು ಮೈದುನನ ಮಗಳ ಮದುವೆ. ಏನು ಮಾಡಲಿ?
– ಓದುಗರೊಬ್ಬರು, ಗೋಪನಕೊಪ್ಪ, ಹುಬ್ಬಳ್ಳಿ

ಉತ್ತರ: ಮಗಳ ಮಾತಿಗಿಂತ ಮೊದಲು ಆ ತೆಳ್ಳಗಾದ ಕೂದಲಿನ ವಿಚಾರ ನೋಡೋಣ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಬದಿಯ ಕೂದಲು ಬೇರುಸಹಿತ ಸಡಿಲವಾಗುತ್ತದೆ. ಬೇಗ ಬಿಗಿ ಬಿಟ್ಟರೆ ಮತ್ತೆ ಹುಟ್ಟುತ್ತದೆ, ತೀರ ತಡವಾದರೆ ಹುಟ್ಟುವುದಿಲ್ಲ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದಕ್ಕೂ ಹೆಚ್ಚು ಉದುರುತ್ತಿದ್ದರೆ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೊಮ್ಮೆ ಹೋಗಿ ಬನ್ನಿ. ರಕ್ತಹೀನತೆ, ಥೈರಾಯ್ಡ್ ತೊಂದರೆ ಇದೆಯೇ ಎಂದೂ ತಿಳಿಯುತ್ತದೆ.

ಇನ್ನು ಅಂದದ ಮಾತು. ಇಂದೇ ಕನ್ನಡಿ ಮುಂದೆ ಕುಳಿತು ಬೈತಲೆಯನ್ನು ಎರಡು ಬೆರಳಿನಷ್ಟು ಬದಿಗೆ ಸರಿಸಿ. ವರ್ಷಗಳಿಂದ ಒಂದೇ ಗೆರೆಯಲ್ಲಿ ಮಲಗಿದ್ದ ಕೂದಲು ಬುಡದಿಂದ ಎದ್ದು ನಿಂತು, ನೆತ್ತಿ ತುಂಬಿದಂತೆ ಕಾಣುತ್ತದೆ. ತುರುಬನ್ನು ಕುತ್ತಿಗೆಯ ಹತ್ತಿರ ಇಳಿಸಿ, ಸಡಿಲವಾಗಿ ಕಟ್ಟಿ. ಕಿವಿಯ ಮೇಲ್ಭಾಗವನ್ನು ಕೂದಲು ಸ್ವಲ್ಪ ಮುಚ್ಚಲಿ. ಮುಖ ಅಲ್ಲಿಯೇ ಮೃದುವಾಗುತ್ತದೆ.

ಅದು ಹಿಡಿಸಿದ ಮೇಲೆ ಕತ್ತರಿ. ಹಿಂದೆ ಎರಡು ಇಂಚು ಸಾಕು. ಮುಂದಿನ ಎಳೆಗಳನ್ನು ಮಾತ್ರ ಗಲ್ಲದ ಮಟ್ಟಕ್ಕೆ ಲೇಯರ್ ಮಾಡಿಸಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಐದಾರು ತಿಂಗಳಲ್ಲಿ ಆ ಎರಡು ಇಂಚು ಮರಳಿ ಬರುತ್ತದೆ. ಅತ್ತೆಯವರಿಗೆ ಇದನ್ನೇ ಹೇಳಿ. ಹೆರಳು ಇರುತ್ತದೆ, ಮಲ್ಲಿಗೆ ದಂಡೆಯೂ ನಿಲ್ಲುತ್ತದೆ ಎಂದು ಗೊತ್ತಾದರೆ ಅವರ ಅರ್ಧ ಆತಂಕ ಕಳೆಯುತ್ತದೆ. ಪಾರ್ಲರಿಗೆ ಅವರನ್ನೂ ಕರೆದುಕೊಂಡು ಹೋಗಿ.

ಮಗಳು ಮೊಬೈಲಿನಲ್ಲಿ ಯಾವುದಾದರೂ ಕಟ್ ತೋರಿಸಿದರೆ ಅದು ನಿಮಗೂ ಒಪ್ಪಲೇಬೇಕೆಂದಿಲ್ಲ. 1960ರ ‘ಲವ್ ಇನ್ ಶಿಮ್ಲಾ’ ಚಿತ್ರದಲ್ಲಿ ನಟಿ ಸಾಧನಾ ಅವರ ಅಗಲ ಹಣೆ ಮುಚ್ಚಲೆಂದು ಮುಂಗೂದಲು ಕತ್ತರಿಸಿದರು. ದೇಶದ ಹುಡುಗಿಯರೆಲ್ಲ ‘ಸಾಧನಾ ಕಟ್’ ಮಾಡಿಸಿಕೊಂಡರು, ಹಣೆ ಚಿಕ್ಕದಿದ್ದವರೂ! ನಿಮ್ಮ ಹಣೆ, ನಿಮ್ಮ ಗಲ್ಲ ನೋಡಿ ಕತ್ತರಿಸುವವರನ್ನು ಆರಿಸಿ.

ಮದುವೆಯ ಹಿಂದಿನ ದಿನ ಯಾವ ಹೊಸ ಪ್ರಯೋಗವೂ ಬೇಡ, ಎರಡು ವಾರ ಮೊದಲೇ ಮುಗಿಸಿ. ಕೆಲವು ಸ್ಟ್ರೇಟನಿಂಗ್ ದ್ರಾವಣಗಳಿಂದ ಕಣ್ಣು, ಗಂಟಲು ಉರಿಸುವ ಫಾರ್ಮಾಲ್ಡಿಹೈಡ್ ಹೊರಡುತ್ತದೆ; ತೆಳ್ಳಗಾದ ಕೂದಲಿಗೆ ಅದು ಬೇಡವೇ ಬೇಡ. ಬಣ್ಣ ಹಚ್ಚುವುದಾದರೆ ಕಡುಗಪ್ಪಿಗಿಂತ ಗಾಢ ಕಂದು ಮುಖಕ್ಕೆ ಹೊಂದುತ್ತದೆ. ಕಿವಿಯ ಹಿಂದೆ ತುಸು ಹಚ್ಚಿ 48 ಗಂಟೆ ಕಾದು, ತುರಿಕೆಯಾಗದಿದ್ದರೆ ಮಾತ್ರ ಬಳಸಿ.

ಇಷ್ಟಾದ ಮೇಲೂ ತುರುಬೇ ನಿಮಗೆ ಇಷ್ಟವೆಂದರೆ ಧಾರಾಳವಾಗಿ ಕಟ್ಟಿಕೊಳ್ಳಿ. ತಲೆ ನಿಮ್ಮದು, ತೀರ್ಮಾನವೂ ನಿಮ್ಮದೇ. ಬಿಗಿ ಮಾತ್ರ ಇಂದೇ ಸಡಿಲಿಸಿ.