ಉಕ್ಕಿಗೆ ಕಪ್ಪು ಹತ್ತಬೇಕಾದರೆ

ಹಳೇ ಉಳಿಗೋ ಸ್ಕ್ರೂಗಳಿಗೋ ಮನೆಯಲ್ಲೇ ಕೋಲ್ಡ್ ಬ್ಲೂ (ಬಿಸಿ ಮಾಡದೆಯೇ ಉಕ್ಕನ್ನು ಕಪ್ಪಾಗಿಸುವ ದ್ರಾವಣ) ಹಚ್ಚುವ ಆಸೆಯೇ? ಮೊದಲು ತುಕ್ಕು ಉಜ್ಜಿ ತೆಗೆದು, ಅಸಿಟೋನ್‌ನಲ್ಲಿ ಜಿಡ್ಡು ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದಲ್ಲಿ ಬಣ್ಣ ಕೂರದೆ ಕಲೆ ಉಳಿಯುತ್ತದೆ. ಹತ್ತಿಯನ್ನು ದ್ರಾವಣದಲ್ಲಿ ಅದ್ದಿ ಸಮನಾಗಿ ಸವರಿ. ಉಕ್ಕು ಕಣ್ಣೆದುರೇ ಕಪ್ಪಾಗುತ್ತದೆ. ತೊಳೆದು, ಒರೆಸಿ, ನಯವಾದ ಸ್ಟೀಲ್ ವುಲ್‌ನಿಂದ ಹಗುರಾಗಿ ಉಜ್ಜಿ ಮತ್ತೆ ಸವರಿ. ಒಂದೇ ಸಲಕ್ಕೆ ದಟ್ಟ ಬಣ್ಣ ಬರಿಸುವ ಹಟ ಬೇಡ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಸುಮ್ಮನೆ ಬಿಟ್ಟುಬಿಡಿ, ಹತ್ತುವುದಿಲ್ಲ.

ಈ ದ್ರಾವಣಗಳಲ್ಲಿ ಸಾಮಾನ್ಯವಾಗಿ ಇರುವುದು ಸೆಲೀನಿಯಸ್ ಆಮ್ಲ, ತಾಮ್ರದ ಲವಣ. ವಿಷವೇ ಸರಿ! ಕೈಗವಸು, ಕನ್ನಡಕ ಹಾಕಿಕೊಂಡು ಗಾಳಿಯಾಡುವ ಕಡೆ ಕೂತು ಮಾಡಿ. ತರಕಾರಿ ಹೆಚ್ಚುವ ಚಾಕುವಿಗಂತೂ ಬೇಡವೇ ಬೇಡ. ಈ ಪದರ ತೆಳು, ತಾನಾಗಿ ತುಕ್ಕನ್ನು ತಡೆಯಲಾರದು. ಕೊನೆಗೊಮ್ಮೆ, ಮತ್ತೆ ಆಗಾಗ, ಎಣ್ಣೆ ಸವರಲೇಬೇಕು.