ಪಾಠ 14: ಎಲುಬಿನೊಳಗಿನ ಸಸಿಮಡಿ

ರಕ್ತ ಎಲ್ಲಿ ಹುಟ್ಟುತ್ತದೆ? ಹೀಗೆ ಕೇಳಿದರೆ ನಮ್ಮಲ್ಲಿ ಬಹಳ ಜನ ‘ಹೃದಯದಾಗ’ ಅನ್ನುತ್ತಾರೆ. ಹೃದಯ ರಕ್ತವನ್ನು ಓಡಿಸುತ್ತದೆ, ಅಷ್ಟೇ. ರಕ್ತ ಹುಟ್ಟುವುದು ಎಲುಬಿನ ಒಳಗೆ.

ಎಲುಬಿನ ಒಳಗೆ ಮೆತ್ತನೆಯ ತಿರುಳು ಇದೆ. ಅದಕ್ಕೆ ಮಜ್ಜೆ ಎಂದು ಹೆಸರು. ಅದರಲ್ಲಿ ತಾಯಿಕಣಗಳು ಇವೆ. ಡಾಕ್ಟರರು ಇವಕ್ಕೆ ಸ್ಟೆಮ್ ಸೆಲ್ ಅನ್ನುತ್ತಾರೆ. ಗಂಗಾವತಿ ಕಡೆ ಭತ್ತದ ಸಸಿಮಡಿ ನೋಡಿದ್ದೀರಲ್ಲ? ಸಸಿ ಮಡಿಯಲ್ಲಿ ಬೆಳೆದು ಗದ್ದೆಗೆ ಹೋಗುತ್ತದೆ. ಹಾಗೆಯೇ ಕಣಗಳು ಮಜ್ಜೆಯಲ್ಲಿ ಹುಟ್ಟಿ ರಕ್ತಕ್ಕೆ ಇಳಿಯುತ್ತವೆ. ಕೆಂಪು ಕಣ ಮೈಗೆಲ್ಲ ಉಸಿರು ಹೊರುತ್ತದೆ. ಅದರ ಆಯುಷ್ಯ ಸುಮಾರು 120 ದಿನ. ಬಿಳಿ ಕಣ ರೋಗದ ಜೊತೆ ಹೋರಾಡುತ್ತದೆ. ಪ್ಲೇಟ್‌ಲೆಟ್ ಎಂಬ ಸಣ್ಣ ಕಣ ಗಾಯದ ರಕ್ತ ನಿಲ್ಲಿಸುತ್ತದೆ.

ಕೆಲವರಿಗೆ ಈ ಮಡಿಯಲ್ಲಿ ಕಸ ಹುಟ್ಟುತ್ತದೆ. ಕೆಟ್ಟ ಬಿಳಿ ಕಣಗಳು ಲೆಕ್ಕವಿಲ್ಲದೆ ಬೆಳೆಯುತ್ತವೆ. ಒಳ್ಳೆಯ ಸಸಿಗೆ ಜಾಗವೇ ಇಲ್ಲ. ಇದೇ ರಕ್ತದ ಕ್ಯಾನ್ಸರ್, ಲ್ಯುಕೇಮಿಯಾ. ಮಗು ಬಿಳಿಚಿಕೊಳ್ಳುತ್ತದೆ. ಮೇಲಿಂದ ಮೇಲೆ ಜ್ವರ ಬರುತ್ತದೆ. ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಎಲುಬು ನೋವು. ‘ದೃಷ್ಟಿ ತಾಗೈತಿ, ಅಂಗಾರ ಹಚ್ಚಸ್ರಿ’ ಎಂದು ಅಜ್ಜಿ ಹೇಳುತ್ತಾಳೆ. ಅಂಗಾರ ಹಚ್ಚಿರಿ, ಬೇಡ ಎನ್ನುವುದಿಲ್ಲ. ಆದರೆ ಅದೇ ದಿನ ರಕ್ತ ತಪಾಸಣೆ ಮಾಡಿಸಿರಿ. ಇಂಥ ಜ್ವರ ಎಲ್ಲವೂ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದರೂ ಅದು ಅಂಟುರೋಗವಲ್ಲ. ಮಗುವಿನ ತಾಟು, ಚರಿಗೆ ಬೇರೆ ಇಡಬೇಕಾಗಿಲ್ಲ.

ಮಕ್ಕಳ ರಕ್ತದ ಕ್ಯಾನ್ಸರ್ ಬಹಳಷ್ಟು ಸಲ ಔಷಧದಿಂದಲೇ ವಾಸಿಯಾಗುತ್ತದೆ. ಆದರೆ ಎರಡು ಮೂರು ವರ್ಷ ಔಷಧ ಬೇಕಾಗಬಹುದು. ಬಿತ್ತಿಗೆ ಬಂತು, ಸುಗ್ಗಿ ಬಂತು ಎಂದು ನಡುವೆ ಬಿಟ್ಟರೆ ರೋಗ ತಿರುಗಿ ಬರುತ್ತದೆ. ಔಷಧಕ್ಕೆ ಬಗ್ಗದ ರೋಗವೂ ಇದೆ. ಎರೆಹೊಲದ ಕರಿಕೆ ಕೈಯಿಂದ ಕಿತ್ತರೆ ಹೋಗುತ್ತದೆಯೇ? ಆಳಕ್ಕೆ ಅಗೆಯಬೇಕು. ಹಾಗೆಯೇ ಬಲವಾದ ಔಷಧ ಕೊಟ್ಟು ಮಜ್ಜೆಯನ್ನೇ ಬರಿದು ಮಾಡಬೇಕು. ಆಮೇಲೆ ಬೇರೆಯವರ ಒಳ್ಳೆಯ ತಾಯಿಕಣ ತಂದು ನಾಟಿ ಮಾಡಬೇಕು.

ಅಮೆರಿಕದ ಡಾ. ಡಾನಲ್ ಥಾಮಸ್ 1956ರಲ್ಲಿ ಈ ನಾಟಿ ಶುರು ಮಾಡಿದರು. ಮೊದಲ ವರ್ಷಗಳಲ್ಲಿ ಬಹಳ ರೋಗಿಗಳು ಉಳಿಯಲಿಲ್ಲ. ‘ಇದು ಆಗದ ಕೆಲಸ’ ಎಂದು ಎಷ್ಟೋ ಡಾಕ್ಟರರು ಕೈಬಿಟ್ಟರು. ಥಾಮಸ್ ಬಿಡಲಿಲ್ಲ. ಅವರ ಹೆಂಡತಿ ಡಾಟಿ ಕೊನೆತನಕ ಜೊತೆಗೆ ದುಡಿದರು. 1990ರಲ್ಲಿ ಥಾಮಸ್‌ಗೆ ನೊಬೆಲ್ ಬಹುಮಾನ ಬಂತು. ಡಾಟಿಗೂ ಪಾಲು ಸಿಗಬೇಕಿತ್ತು ಎಂದು ನಮಗೆ ಅನಿಸುತ್ತದೆ.

ಥಾಮಸ್ ಹತ್ತಿರ ಕಲಿತು ಬಂದವರು ನಮ್ಮ ದೇಶದ ಡಾ. ಸುರೇಶ್ ಅಡ್ವಾಣಿ. ಚಿಕ್ಕಂದಿನಲ್ಲೇ ಅವರಿಗೆ ಪೋಲಿಯೋ ಆಗಿತ್ತು. ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಡಾಕ್ಟರಾದರು. 1983ರಲ್ಲಿ ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಅವರು ಭಾರತದ ಮೊದಲ ಮಜ್ಜೆ ನಾಟಿ ಮಾಡಿದರು. ರೋಗಿ ಒಂಬತ್ತು ವರ್ಷದ ಹುಡುಗಿ. ಮಜ್ಜೆ ಕೊಟ್ಟವನು ಅವಳ ಒಡಹುಟ್ಟಿದವನು.

ಯಾರ ಮಜ್ಜೆ ಯಾರಿಗೆ ಹೊಂದುತ್ತದೆ? ರಕ್ತದ ಗುಂಪು ಒಂದೇ ಇದ್ದರೆ ಸಾಲದು. ಬೇರೆ ತಪಾಸಣೆ ಮಾಡುತ್ತಾರೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗ ಅರ್ಧ ಹೊಂದುವ ತಂದೆ ತಾಯಿಯಿಂದಲೂ ನಾಟಿ ಮಾಡುತ್ತಾರೆ.

ತೊಡಕು ಬರುವುದು ಇಲ್ಲಿಯೇ. ಅಣ್ಣನಿಗೆ ತಂಗಿಯ ಮಜ್ಜೆ ಹೊಂದಿತು ಅನ್ನೋಣ. ತಂಗಿ ಕುಷ್ಟಗಿ ಕಡೆ ಸೊಸೆ. ‘ಎಲುಬು ಪೊಳ್ಳಾದ್ರ ಹೊಲದ ಕೆಲಸ ಹ್ಯಾಂಗ ಮಾಡ್ತಿ? ನಾಳೆ ಮಕ್ಕಳಾಗ್ತಾವೇನ?’ ಎಂದು ಅತ್ತೆ ಕೇಳುತ್ತಾಳೆ. ಅತ್ತೆಯ ಅಂಜಿಕೆ ಸಹಜ. ಆದರೆ ಎಲುಬು ಕೊಯ್ಯುವುದಿಲ್ಲ. ಐದು ದಿನ ಸೂಜಿ ಕೊಡುತ್ತಾರೆ. ಆಗ ತಾಯಿಕಣಗಳು ರಕ್ತಕ್ಕೆ ಬರುತ್ತವೆ. ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ. ಯಂತ್ರ ತಾಯಿಕಣ ಸೋಸಿಕೊಂಡು, ಉಳಿದ ರಕ್ತವನ್ನು ಇನ್ನೊಂದು ಕೈಗೆ ಕಳಿಸುತ್ತದೆ. ನಾಲ್ಕೈದು ತಾಸಿನ ಕೆಲಸ. ಕೆಲವೊಮ್ಮೆ ಮಂಪರು ಕೊಟ್ಟು ಸೊಂಟದ ಎಲುಬಿನಿಂದ ಸೂಜಿಯಲ್ಲಿ ಮಜ್ಜೆ ತೆಗೆಯುತ್ತಾರೆ. ಕೆಲವು ದಿನ ಮೈಕೈ ನೋವು ಇರುತ್ತದೆ. ಕೊಟ್ಟದ್ದು ಕೆಲವೇ ವಾರಗಳಲ್ಲಿ ಮತ್ತೆ ಬೆಳೆಯುತ್ತದೆ. ಇದರಿಂದ ಮಕ್ಕಳಾಗುವುದು ನಿಲ್ಲುವುದಿಲ್ಲ.

ಕಷ್ಟ ರೋಗಿಗೆ. ತಾಯಿಕಣವನ್ನು ರಕ್ತದ ಬಾಟ್ಲಿಯಂತೆ ನರಕ್ಕೆ ಏರಿಸುತ್ತಾರೆ. ಅವು ತಾವಾಗಿಯೇ ದಾರಿ ಹುಡುಕಿ ಮಜ್ಜೆ ಸೇರುತ್ತವೆ! ಚಿಗುರಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಸಣ್ಣ ಸೋಂಕೂ ಜೀವ ತೆಗೆಯಬಹುದು. ಹೊಸ ಕಣಗಳು ರೋಗಿಯ ಮೈಯನ್ನೇ ಪರಕೀಯ ಎಂದು ಬಗೆದು ಕಾಡಬಹುದು. ಎಲ್ಲರೂ ಉಳಿಯುವುದಿಲ್ಲ. ಇದನ್ನು ಡಾಕ್ಟರರ ಬಾಯಿಂದಲೇ ಮೊದಲು ಕೇಳಿ ತಿಳಿದುಕೊಳ್ಳಿರಿ.

ಯಲಬುರ್ಗಾದವರಾಗಲಿ, ಕುಷ್ಟಗಿಯವರಾಗಲಿ, ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿರಿ. ಅಲ್ಲಿಂದ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸಬಹುದು. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಅದು 1973ರಲ್ಲಿ ಶುರುವಾಯಿತು. ರೇಷನ್ ಕಾರ್ಡು, ಆಧಾರ್, ಹಳೆಯ ರಕ್ತದ ಚೀಟಿ ಎಲ್ಲವೂ ಜೊತೆಗಿರಲಿ. ಚೀಟಿಯ ಮೇಲೆ ಬರೆದ ತಾರೀಖನ್ನು ಈಗ ನೀವೇ ಓದಬಲ್ಲಿರಿ.

ಓದಿರಿ, ಬರೆಯಿರಿ: ಎಲುಬು, ಮಜ್ಜೆ, ತಾಯಿಕಣ, ತಪಾಸಣೆ, ನಾಟಿ.

ಮಾತಾಡಿರಿ: ಆ ಸೊಸೆ ಅತ್ತೆಗೆ ಏನು ಹೇಳಬೇಕು?